ಪಾಡ್‌ಕಾಸ್ಟ್ | ಲಂಡನ್‌ನಲ್ಲಿ ದೋಣಿಯೇ ಮನೆ: ನೀರು, ಕರೆಂಟು, ಟಾಯ್ಲೆಟ್ಟು ಎಲ್ಲಾ ಹೇಗೆ?

(ಎಪಿಸೋಡ್‌ನ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಮೆಟ್ರೊದಲ್ಲಿ ನಿಂತಿದ್ದೀರೋ, ಮನೇಲಿ ಪಾತ್ರೆ ತೊಳೀತಾ ಇದ್ದೀರೋ ಗೊತ್ತಿಲ್ಲ. ಪಾತ್ರೆ ತೊಳೀತಾ ಇದ್ದರೆ ಆ ನಲ್ಲಿಯನ್ನ ಒಂದು ಸಲ ನೋಡಿ. ನೀರು ಎಲ್ಲಿಂದ ಬಂತು, ತೊಳೆದ ನೀರು ಎಲ್ಲಿಗೆ ಹೋಯ್ತು ಅಂತ ನಾವು ಯೋಚನೆ ಮಾಡೋದು ನೀರು ನಿಂತ ದಿನ ಮಾತ್ರ. ಇವತ್ತು ನಾವು ಮಾತಾಡೋ ಜನಕ್ಕೆ ಆ ಯೋಚನೆ ದಿನಾ ಇರುತ್ತೆ. ಯಾಕಂದ್ರೆ ಅವರ ಮನೆ ತೇಲ್ತಾ ಇರುತ್ತೆ.

ಲಂಡನ್‌ಗೆ ಹೋದ ಕನ್ನಡಿಗರಲ್ಲಿ ಬಹಳ ಜನ ಥೇಮ್ಸ್ ದಡದಲ್ಲಿರೋ ಬಸವಣ್ಣನವರ ಪ್ರತಿಮೆ ಹತ್ತಿರ ನಿಂತು ಒಂದು ಫೋಟೊ ತೆಗೆಸಿಕೊಂಡೇ ಬರ್ತಾರೆ. ಅಲ್ಲಿಂದ ನದಿ ಸಮುದ್ರದ ಕಡೆ ಹರಿಯೋ ದಿಕ್ಕಿಗೆ ನಾಲ್ಕೈದು ಕಿಲೋಮೀಟರ್ ಹೋದರೆ ಟವರ್ ಬ್ರಿಡ್ಜ್. ಸೇತುವೆ ದಾಟಿದ ತಕ್ಷಣ, ಉತ್ತರ ದಡದಲ್ಲಿ ಸೇಂಟ್ ಕ್ಯಾಥರಿನ್ ಡಾಕ್ಸ್. 1828ರಲ್ಲಿ ಹಡಗಿನ ಸರಕು ಇಳಿಸೋಕೆ ತೆರೆದ ಜಾಗ ಇದು, ಈಗ ಮರೀನಾ. ಇನ್ನೂ ಸ್ವಲ್ಪ ಮುಂದೆ ಹೋದರೆ ಲೈಮ್‌ಹೌಸ್ ಬೇಸಿನ್. ರೀಜೆಂಟ್ಸ್ ಕಾಲುವೆ ಅನ್ನೋ 200 ವರ್ಷ ಹಳೆಯ ಕಾಲುವೆ ಥೇಮ್ಸ್ ಸೇರೋದು ಅಲ್ಲೇ. ಇಂಥ ಕಡೆ ಬಿಳಿ ಯಾಟ್‌ಗಳ ಮಧ್ಯೆ ಕೆಲವು ದೋಣಿ ಬೇರೆ ಥರ ಕಾಣ್ತವೆ. ಮೇಲೆ ಸೈಕಲ್, ಪಕ್ಕದಲ್ಲಿ ಹೂವಿನ ಕುಂಡ, ಪುಟ್ಟ ಚಿಮಣಿಯಿಂದ ಹೊಗೆ. ಒಳಗೆ ಯಾರೋ ಬೆಳಗ್ಗೆ ಎದ್ದು ಆಫೀಸಿಗೆ ಹೊರಡ್ತಾ ಇರ್ತಾರೆ.

ಇದನ್ನ ಈಗ ಯಾಕೆ ಹೇಳ್ತಿದ್ದೀನಿ ಅಂದ್ರೆ, ಓದೋಕೆ, ಕೆಲಸಕ್ಕೆ ಅಂತ ಅಲ್ಲಿಗೆ ಹೋಗೋ ನಮ್ಮ ಹುಡುಗ ಹುಡುಗಿಯರು ಬಾಡಿಗೆ ಮನೆ ಹುಡುಕುವಾಗ ಇಂಥ ದೋಣಿಗಳ ಜಾಹೀರಾತೂ ಕಣ್ಣಿಗೆ ಬೀಳುತ್ತೆ. ಫೋಟೊದಲ್ಲಿ ತುಂಬಾ ಚೆನ್ನಾಗಿರುತ್ತೆ. ಲಂಡನ್‌ನ ಬಾಡಿಗೆ ನೋಡಿ ತಲೆ ತಿರುಗಿದವರಿಗೆ ಇದು ಅಗ್ಗ ಅನ್ನಿಸುತ್ತೆ. ಹಾಗಾಗಿ ಒಳಗಿನ ಕಥೆ ಗೊತ್ತಿದ್ದರೆ ಒಳ್ಳೇದು.

ಮೊದಲು ಮರೀನಾ ಅಂದ್ರೆ ಏನು ಅಂತ ಹೇಳಿಬಿಡ್ತೀನಿ. ದೋಣಿಗಳ ಪಾರ್ಕಿಂಗ್ ಲಾಟ್, ಅಷ್ಟೇ. ಆದರೆ ನೀರು, ಕರೆಂಟು, ಕಸ ಹಾಕೋ ಜಾಗ, ಕೆಲವು ಕಡೆ ಸ್ನಾನದ ಮನೆ, ಬಟ್ಟೆ ಒಗೆಯೋ ಮಷೀನು ಎಲ್ಲಾ ಇರೋ ಪಾರ್ಕಿಂಗ್ ಲಾಟ್. ನಡೆದಾಡೋಕೆ ತೇಲುವ ಕಟ್ಟೆ ಇರುತ್ತೆ, ಅದಕ್ಕೆ ಪೊಂಟೂನ್ ಅಂತಾರೆ. ಥೇಮ್ಸ್‌ಗೆ ಸಮುದ್ರದ ಉಬ್ಬರ-ಇಳಿತ ಇದೆ. ಲಂಡನ್ ಊರೊಳಗೇ ನೀರಿನ ಮಟ್ಟ ದಿನಕ್ಕೆ ಎರಡು ಸಲ ಏರಿ ಇಳಿಯುತ್ತೆ, ದೊಡ್ಡ ಉಬ್ಬರದ ದಿನ ವ್ಯತ್ಯಾಸ ಸುಮಾರು 7 ಮೀಟರ್. ಎರಡು ಮಹಡಿ ಎತ್ತರ! ಅದಕ್ಕೇ ಈ ಮರೀನಾಗಳು ನದಿಗೆ ನೇರ ತೆರೆದಿರಲ್ಲ. ಮಧ್ಯೆ ಲಾಕ್ ಅನ್ನೋ ಗೇಟಿನ ವ್ಯವಸ್ಥೆ ಇದೆ. ಗೇಟಿನ ಆಚೆ ನದಿ ಏನೇ ಕುಣಿದಾಡಲಿ, ಈಚೆ ನೀರು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿರುತ್ತೆ.

ಅಲ್ಲಿ ಜನ ವಾಸ ಮಾಡೋ ದೋಣಿಗಳಲ್ಲಿ ಬಹಳಷ್ಟು ನ್ಯಾರೋಬೋಟ್. ಹೆಸರೇ ಹೇಳೋ ಹಾಗೆ ಕಿರಿದು. ಅಗಲ 6 ಅಡಿ 10 ಇಂಚು, ಅಷ್ಟೇ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಕಾಲುವೆಗಳನ್ನ ತೋಡಿದಾಗ ಖರ್ಚು ಉಳಿಸೋಕೆ ಅಂತ ಅನೇಕ ಕಡೆ ಲಾಕ್‌ಗಳನ್ನ 7 ಅಡಿ ಅಗಲಕ್ಕೆ ಕಟ್ಟಿದರು. ಆಗ ಕಲ್ಲಿದ್ದಲು ಹೊತ್ತ ದೋಣಿಯನ್ನ ದಡದ ಮೇಲಿಂದ ಕುದುರೆ ಎಳೀತಿತ್ತು. ಆ ಲೆಕ್ಕಾಚಾರದ ಫಲ ಇವತ್ತು ಲ್ಯಾಪ್‌ಟಾಪ್ ಇಟ್ಕೊಂಡು ಕೆಲಸ ಮಾಡೋರು ಅನುಭವಿಸ್ತಾ ಇದ್ದಾರೆ. ಒಳಗೆ ಗೋಡೆಯಿಂದ ಗೋಡೆಗೆ ಸುಮಾರು 6 ಅಡಿ. ಉದ್ದ 57 ಅಡಿ ಇದ್ದರೂ ಎಂಜಿನ್ನು, ಮುಂದಿನ ಹಿಂದಿನ ಡೆಕ್ಕು ಬಿಟ್ಟರೆ ವಾಸಕ್ಕೆ ಸಿಗೋದು 40 ಅಡಿ ಅಂದ್ಕೊಳ್ಳಿ. ಒಟ್ಟು 240 ಚದರ ಅಡಿ. ಬೆಂಗಳೂರಿನ ಒಂದು ಸಣ್ಣ 1 ಆರ್‌ಕೆ ಮನೆಯನ್ನ ಹಿಡಿದು ರೈಲು ಬೋಗಿ ಥರ ಎಳೆದರೆ ಹೇಗಿರುತ್ತೋ ಹಾಗೆ. ಇಬ್ಬರು ಎದುರುಬದುರು ಬಂದರೆ ಒಬ್ಬರು ಪಕ್ಕಕ್ಕೆ ತಿರುಗಿ ನಿಲ್ಲಬೇಕು. ಜಗಳ ಆಡಿಕೊಂಡು ಇನ್ನೊಂದು ರೂಮಿಗೆ ಹೋಗಿ ಬಾಗಿಲು ಹಾಕ್ಕೊಳ್ತೀನಿ ಅಂದ್ರೆ ಆಗಲ್ಲ.

ಈಗ ನೀರು. ದೋಣಿಯ ಮೂತಿಯಲ್ಲಿ ಒಂದು ಟ್ಯಾಂಕು ಇರುತ್ತೆ, ಕೆಲವು ನೂರು ಲೀಟರ್ ಹಿಡಿಯೋದು. ಮರೀನಾದ ನಲ್ಲಿಗೆ ಪೈಪ್ ಹಾಕಿ ನೀವೇ ತುಂಬಿಸಬೇಕು. ನಲ್ಲಿ ತಿರುಗಿಸಿದಾಗ ಒಳಗೆಲ್ಲೋ ಪಂಪು 'ಗುರ್ರ್' ಅನ್ನುತ್ತೆ, ಆಮೇಲೆ ನೀರು ಬರುತ್ತೆ. ದೋಣಿಯವರ ಕಿವಿ ಈ ಸದ್ದಿಗೆ ಎಷ್ಟು ಒಗ್ಗಿರುತ್ತೆ ಅಂದ್ರೆ, ಯಾರೂ ನಲ್ಲಿ ತೆಗೆಯದೇ ಇದ್ದಾಗ ಅರ್ಧರಾತ್ರಿ ಪಂಪು ಒಂದು ಸಲ ಗುರ್ ಅಂದರೆ ಎದ್ದು ಕೂರ್ತಾರೆ. ಎಲ್ಲೋ ಸೋರ್ತಾ ಇದೆ ಅಂತ ಅರ್ಥ. ಟ್ಯಾಂಕು ಖಾಲಿ ಆಗ್ತಾ ಬಂದ ಹಾಗೆ ಮೂತಿ ಹಗುರಾಗಿ ಸ್ವಲ್ಪ ಮೇಲೇಳುತ್ತೆ. ಹಳಬರು ದಡದಲ್ಲಿ ನಿಂತು ದೋಣಿ ನೋಡಿಯೇ ನೀರು ತುಂಬಿಸೋ ಹೊತ್ತಾಯ್ತು ಅಂತಾರೆ. ಚಳಿಗಾಲದಲ್ಲಿ ಪೈಪು, ನಲ್ಲಿ ಎರಡೂ ಹೆಪ್ಪುಗಟ್ಟಬಹುದು. ಹಾಗಾಗಿ ಹಿಮದ ಮುನ್ಸೂಚನೆ ಬಂದ ದಿನ ಎಲ್ಲರೂ ಮೊದಲು ಟ್ಯಾಂಕು ತುಂಬಿಸ್ತಾರೆ. ಟ್ಯಾಂಕರ್‌ಗೆ ಫೋನ್ ಮಾಡಿ ಸಂಪು ಇಣುಕಿ ನೋಡಿದ ಬೆಂಗಳೂರಿನವರಿಗೆ ಈ ಮನಸ್ಥಿತಿ ವಿವರಿಸಬೇಕಾಗಿಲ್ಲ ಅನ್ಸುತ್ತೆ.

ಕರೆಂಟಿನ ಕಥೆ ಇನ್ನೂ ಮಜಾ. ಪೊಂಟೂನ್ ಮೇಲೆ ಒಂದು ಗಿಡ್ಡ ಕಂಬ, ಅದರಲ್ಲಿ ನೀಲಿ ಬಣ್ಣದ ಸಾಕೆಟ್ಟು. ಅಲ್ಲಿಂದ ನಿಮ್ಮ ದೋಣಿಗೆ ದಪ್ಪ ಕೇಬಲ್. ಅಲ್ಲಿನ ಅನೇಕ ಮರೀನಾಗಳಲ್ಲಿ ಸಿಗೋದು 16 ಆಂಪ್. 230 ವೋಲ್ಟಿಗೆ ಗುಣಿಸಿ: 3,680 ವಾಟ್. ಇಡೀ ಮನೆಗೆ ಅಷ್ಟೇ. ಬ್ರಿಟನ್ನಿನ ಒಂದು ನೀರು ಕಾಯಿಸೋ ಕೆಟಲ್ಲೇ 3,000 ವಾಟ್ ತಿನ್ನುತ್ತೆ. ಅಂದ್ರೆ 2,000 ವಾಟಿನ ಹೀಟರ್ ಓಡ್ತಾ ಇರುವಾಗ ಟೀಗೆ ಅಂತ ಕೆಟಲ್ ಒತ್ತಿದ್ರೋ, ಟ್ರಿಪ್. ಆ ಸ್ವಿಚ್ಚು ಇರೋದು ಎಷ್ಟೋ ಸಲ ಹೊರಗಿನ ಕಂಬದಲ್ಲಿ. ಜನವರಿ ರಾತ್ರಿ, ಮಳೆ, ಚಪ್ಪಲಿ ಹಾಕ್ಕೊಂಡು ಹೊರಗೆ ಹೋಗಿ ಮೇಲೆತ್ತಿ ಬರಬೇಕು. ಎರಡು ಸಲ ಹೀಗಾದ ಮೇಲೆ ಯಾವ ಸಾಮಾನು ಎಷ್ಟು ವಾಟು ಅನ್ನೋದು ಬಾಯಿಪಾಠ ಆಗುತ್ತೆ. ದೀಪ, ನೀರಿನ ಪಂಪು ಇವೆಲ್ಲಾ ಸಾಮಾನ್ಯವಾಗಿ 12 ವೋಲ್ಟಿನ ಬ್ಯಾಟರಿಯಲ್ಲಿ ನಡೆಯೋದ್ರಿಂದ ಕತ್ತಲೆಯಲ್ಲಿ ಕೂರೋ ಕಷ್ಟ ಇಲ್ಲ.

ಇದೇ ಕೇಬಲ್ಲಿನ ಒಳಗೆ ಇನ್ನೊಂದು ಆಟ ನಡೆಯುತ್ತೆ, ನನಗೆ ಇದು ತುಂಬಾ ಇಷ್ಟವಾದ ಭಾಗ. ಶಾಲೆಯಲ್ಲಿ ನಿಂಬೆಹಣ್ಣಿಗೆ ಒಂದು ತಾಮ್ರದ ತುಂಡು, ಒಂದು ಸತುವಿನ ತುಂಡು ಚುಚ್ಚಿ ಬ್ಯಾಟರಿ ಮಾಡಿದ್ದು ನೆನಪಿದೆಯಾ? ಮರೀನಾ ಒಂದು ದೊಡ್ಡ ನಿಂಬೆಹಣ್ಣು. ನಿಮ್ಮದು ಉಕ್ಕಿನ ದೋಣಿ, ಪಕ್ಕದ್ದರಲ್ಲಿ ಹಿತ್ತಾಳೆ-ಕಂಚಿನ ಭಾಗಗಳು. ಎರಡೂ ಒಂದೇ ನೀರಿನಲ್ಲಿ ನಿಂತಿವೆ. ಎರಡನ್ನೂ ಕರೆಂಟಿನ ಕೇಬಲ್ಲಿನ ಅರ್ಥ್ ತಂತಿ ಒಂದಕ್ಕೊಂದು ಜೋಡಿಸಿದೆ. ಬ್ಯಾಟರಿ ರೆಡಿ. ಈ ಬ್ಯಾಟರಿ ನಡೆಯೋದು ಯಾವುದಾದರೂ ಒಂದು ಲೋಹ ಕರಗಿದರೆ ಮಾತ್ರ, ಇಲ್ಲಿ ಕರಗೋದು ನಿಮ್ಮ ಮನೆಯ ತಳ. ಸದ್ದಿಲ್ಲ, ವಾಸನೆ ಇಲ್ಲ. ಇದಕ್ಕೆ ಎರಡು ಪರಿಹಾರ. ಒಂದು, ಉಕ್ಕಿಗಿಂತ ಬೇಗ ಕರಗೋ ಲೋಹದ ಗಟ್ಟಿಯನ್ನ ದೋಣಿಯ ಹೊರಮೈಗೆ ಬೆಸೆಯೋದು. ಸಿಹಿನೀರಾದರೆ ಮೆಗ್ನೀಷಿಯಂ, ಉಪ್ಪುನೀರಾದರೆ ಸತು. ಅದು ತಾನು ಕರಗಿ ದೋಣಿ ಉಳಿಸುತ್ತೆ. ಇನ್ನೊಂದು, ಗ್ಯಾಲ್ವನಿಕ್ ಐಸೊಲೇಟರ್ ಅನ್ನೋ ಸಣ್ಣ ಪೆಟ್ಟಿಗೆ. ಅರ್ಥ್ ತಂತಿಯ ಮಧ್ಯೆ ಕೂತು ಈ ಕಳ್ಳ ಕರೆಂಟನ್ನ ತಡೆಯುತ್ತೆ, ಆದರೆ ನಿಜವಾಗಿ ಶಾಕ್ ಹೊಡೆಯೋ ಸಂದರ್ಭ ಬಂದಾಗ ಅರ್ಥ್ ಕೆಲಸ ಮಾಡೋಕೆ ಬಿಡುತ್ತೆ. ಇದರ ಜೊತೆಗೆ ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನ ನೀರಿನಿಂದ ಮೇಲೆತ್ತಿ, ಉಜ್ಜಿ, ತಳಕ್ಕೆ ಕಪ್ಪು ಡಾಂಬರಿನಂಥ ಬಣ್ಣ ಬಳೀಬೇಕು. ಮನೆಗೆ ಸುಣ್ಣ ಹೊಡೆಯುವಾಗ ನಾವು ಸಾಮಾನು ಸರಿಸ್ತೀವಿ. ಇವರು ಮನೆಯನ್ನೇ ಎತ್ತಬೇಕು.

ಟಾಯ್ಲೆಟ್ಟು. ಎಲ್ಲರೂ ಕೇಳೋ ಪ್ರಶ್ನೆ, ಕೇಳೋಕೆ ನಾಚಿಕೆ ಪಡೋ ಪ್ರಶ್ನೆ. ಕೈ ತೊಳೆದ ನೀರು, ಸ್ನಾನದ ನೀರು ನ್ಯಾರೋಬೋಟ್‌ಗಳಲ್ಲಿ ಸಾಮಾನ್ಯವಾಗಿ ಪಕ್ಕದ ತೂತಿನಿಂದ ನೇರ ಹೊರಗೆ ಹೋಗುತ್ತೆ. ಅದಕ್ಕೇ ಕಾಳಜಿ ಇರೋರು ಸೋಪು ನೋಡಿ ಆರಿಸ್ತಾರೆ. ಆದರೆ ಟಾಯ್ಲೆಟ್ಟಿನದ್ದು ಕಾಲುವೆಗೆ ಬಿಡೋ ಹಾಗೇ ಇಲ್ಲ. ಕೆಲವು ದೋಣಿಗಳಲ್ಲಿ ದೊಡ್ಡ ಟ್ಯಾಂಕು ಇರುತ್ತೆ, ತುಂಬಿದಾಗ ದುಡ್ಡು ಕೊಟ್ಟು ಮಷೀನಿನಲ್ಲಿ ಹೀರಿಸಬೇಕು. ಇನ್ನು ಕೆಲವಲ್ಲಿ ಸುಮಾರು 20 ಲೀಟರಿನ ಪೆಟ್ಟಿಗೆ. ಕೆಳಗಿನಿಂದ ಎಳೆದು, ಟ್ರಾಲಿ ಸೂಟ್‌ಕೇಸಿನ ಹಾಗೆ ಪೊಂಟೂನ್ ಮೇಲೆ ಉರುಳಿಸಿಕೊಂಡು ಹೋಗಿ, ಅದಕ್ಕೆಂದೇ ಇರೋ ಜಾಗದಲ್ಲಿ ಸುರಿದು, ತೊಳೆದು ತರಬೇಕು. ಇಬ್ಬರಿದ್ದರೆ ವಾರಕ್ಕೆ ಎರಡು ಸಲವಾದರೂ ಈ ಯಾತ್ರೆ. ಈ ವಿಷಯದಲ್ಲಿ ಬಾಯಿಮಾತಿನ ಹಂಚಿಕೆ ನಡೆಯಲ್ಲ, ವಾರದ ಪಟ್ಟಿ ಗೋಡೆ ಮೇಲೆ ಬರೆದು ಅಂಟಿಸೋದು ವಾಸಿ.

ಇಷ್ಟೂ ನಗ್ತಾ ಕೇಳೋ ವಿಷಯ. ಮುಂದಿನದ್ದು ಹಾಗಲ್ಲ.

ದೋಣಿ ಅಂದ್ರೆ ಉಕ್ಕಿನ ಡಬ್ಬಿ. ಹೊರಗೆ ಚಳಿ, ಒಳಗೆ ಉಸಿರು, ಅಡುಗೆ, ಸ್ನಾನದ ಹಬೆ. ಆ ಹಬೆಯೆಲ್ಲಾ ತಣ್ಣನೆ ಗೋಡೆ ಮೇಲೆ, ಕಿಟಕಿ ಮೇಲೆ, ಹಾಸಿಗೆಯ ಅಡಿ ನೀರಾಗಿ ಕೂರುತ್ತೆ. ಬೆಳಗ್ಗೆ ಎದ್ದು ಮೊದಲು ಮಾಡೋ ಕೆಲಸ ಬಟ್ಟೆ ಹಿಡಿದು ಕಿಟಕಿ ಒರೆಸೋದು. ಬೆಚ್ಚಗಿರೋಕೆ ಅನೇಕರು ಕಲ್ಲಿದ್ದಲು ಅಥವಾ ಸೌದೆಯ ಉಕ್ಕಿನ ಒಲೆ ಇಟ್ಕೊಂಡಿರ್ತಾರೆ, ಅಡುಗೆಗೆ ಸಿಲಿಂಡರ್ ಗ್ಯಾಸ್. ಕಲ್ಲಿದ್ದಲು, ಗ್ಯಾಸು, ಡೀಸೆಲ್ಲನ್ನ ಕಾಲುವೆಯಲ್ಲೇ ಮಾರಿಕೊಂಡು ಬರೋ ದೋಣಿಗಳಿವೆ, ನಮ್ಮಲ್ಲಿ ತರಕಾರಿ ಗಾಡಿ ಬಂದ ಹಾಗೆ. ಒಲೆ ಉರಿಸೋ ಮನೆಗೆ ಗಾಳಿ ಬೇಕು. ಅದಕ್ಕೇ ದೋಣಿಯ ಬಾಗಿಲಲ್ಲಿ, ಚಾವಣಿಯಲ್ಲಿ ಯಾವಾಗಲೂ ತೆರೆದೇ ಇರೋ ಗಾಳಿಕಿಂಡಿಗಳಿರ್ತವೆ. ರಾತ್ರಿ ಆ ಕಿಂಡಿಯಿಂದ ಕೊರೆಯೋ ಗಾಳಿ ಬಂದು ಕತ್ತಿಗೆ ತಾಗುತ್ತೆ. ಆಗ ಯಾರಿಗಾದರೂ ಅನ್ನಿಸೋದು ಏನು? ಒಂದು ಹಳೇ ಟವೆಲ್ ತುರುಕಿಬಿಡೋಣ ಅಂತ.

ಅಲ್ಲೇ ಅಪಾಯ. ಬೆಂಕಿಗೆ ಗಾಳಿ ಸಾಲದೇ ಹೋದರೆ, ಇಲ್ಲಾ ಹೊಗೆಕೊಳವೆ ಕಟ್ಟಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೊಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಮೊದಲು ತಲೆನೋವು, ಸುಸ್ತು, ವಾಕರಿಕೆ. ಜ್ವರ ಬರೋ ಹಾಗಿದೆ ಅಂತ ಮುಸುಕು ಹಾಕಿ ಮಲಗ್ತಾರೆ. ಕೆಲವರು ಏಳೋದೇ ಇಲ್ಲ. ಗಾಳಿ ಆಡದ ಬಚ್ಚಲಮನೆಯಲ್ಲಿ ಗ್ಯಾಸ್ ಗೀಸರ್ ಹಾಕಿಕೊಂಡು ಸತ್ತವರ ಸುದ್ದಿ, ಚಳಿಗೆ ಕೆಂಡ ಇಟ್ಕೊಂಡು ಬಾಗಿಲು ಮುಚ್ಚಿ ಮಲಗಿದವರ ಸುದ್ದಿ ನೀವು ಇಲ್ಲೇ ಓದಿರ್ತೀರಿ. ಅದೇ ಅನಿಲ ಇದು. ಮರೀನಾದಲ್ಲಿ ಇನ್ನೊಂದು ತೊಂದರೆ ಏನಂದ್ರೆ ದೋಣಿಗಳು ಒತ್ತೊತ್ತಾಗಿ ನಿಂತಿರ್ತವೆ, ಪಕ್ಕದವರ ಎಂಜಿನ್ ಹೊಗೆ ನಿಮ್ಮ ಕಿಟಕಿಯೊಳಗೂ ಬರಬಹುದು. ಒಂದು ಗುರುತು ನೆನಪಿಟ್ಕೊಳ್ಳಿ: ಒಳಗಿದ್ದಾಗ ತಲೆನೋವು, ಹೊರಗೆ ಬಂದು ಸ್ವಲ್ಪ ಹೊತ್ತಿಗೆ ವಾಸಿ ಅಂದ್ರೆ ಅನುಮಾನ ಪಡಬೇಕು. ತಕ್ಷಣ ಹೊರಗೆ ಬರಬೇಕು, ಆಸ್ಪತ್ರೆಗೆ ಹೋಗಬೇಕು.

ಗ್ಯಾಸಿನದ್ದೂ ಒಂದು ಮಾತು. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ತೆಗೆದಾಗ ಹೊರಗೆ ಹರಿದುಹೋಗೋ ಸಾಧ್ಯತೆ ಇದೆ. ದೋಣಿಯ ತಳ ಬಾಣಲೆ ಇದ್ದ ಹಾಗೆ, ಸೋರಿದ ಗ್ಯಾಸು ಅಲ್ಲೇ ಇಳಿದು ಕೂರುತ್ತೆ. ಅದಕ್ಕೇ ಸಿಲಿಂಡರ್ ಇಡೋ ಗೂಡು ಒಳಭಾಗದಿಂದ ಪೂರ್ತಿ ಬೇರೆ ಇರಬೇಕು, ಅದರ ತಳದ ತೂತು ಹೊರಗಿನ ನೀರಿನ ಕಡೆಗೇ ತೆರೆದಿರಬೇಕು ಅನ್ನೋ ನಿಯಮ. ಇಂಥವನ್ನೆಲ್ಲಾ ತಪಾಸಣೆ ಮಾಡಿ ನಾಲ್ಕು ವರ್ಷಕ್ಕೊಮ್ಮೆ ಒಂದು ಸುರಕ್ಷತಾ ಪ್ರಮಾಣಪತ್ರ ಕೊಡ್ತಾರೆ, ಬೋಟ್ ಸೇಫ್ಟಿ ಸ್ಕೀಮ್ ಅಂತ ಅದರ ಹೆಸರು. ವಾಸದ ಜಾಗ ಇರೋ ದೋಣಿಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಾಂ ಇರಲೇಬೇಕು ಅಂತ 2019ರ ಏಪ್ರಿಲ್‌ನಿಂದ ಅದರಲ್ಲಿ ಸೇರಿಸಿದ್ದಾರೆ. ನನ್ನ ಕೇಳಿದ್ರೆ ದೋಣಿಯಲ್ಲಿರೋ ಅತಿ ಮುಖ್ಯ ಸಾಮಾನು ಆ ಬಿಳಿ ಡಬ್ಬಿ, ಎಂಜಿನ್ನು ಅಲ್ಲ.

ಸರಿ, ಇಷ್ಟೆಲ್ಲಾ ಕಲಿತು ಒಗ್ಗಿಕೊಂಡರೆ ಅದು ನಿಮ್ಮ ಮನೆ, ಅಲ್ವಾ? ಕಾನೂನಿನ ಪ್ರಕಾರ ಅಷ್ಟು ಸುಲಭ ಅಲ್ಲ.

2000ನೇ ಇಸವಿಯಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಒಂದು ಪ್ರಕರಣ ಬಂತು. ಲಂಡನ್ನಿನ ಚೆಲ್ಸಿಯಲ್ಲಿ, ಥೇಮ್ಸ್ ದಡದಲ್ಲೇ ಕಟ್ಟಿದ್ದ 'ಡಿಂಟಿ ಮೂರ್' ಅನ್ನೋ ದೋಣಿಮನೆ. ಅದರಲ್ಲಿ ಬಾಡಿಗೆಗೆ ಇದ್ದವರನ್ನ ಬಿಡಿಸೋಕೆ ಮಾಲೀಕ ಸಂಸ್ಥೆ ಹೊರಟಿತ್ತು. ಬಾಡಿಗೆದಾರರ ವಾದ ನಮಗೆ ನಿಮಗೆ ಸಹಜ ಅನ್ನಿಸೋದೇ: ನೀರು, ಗ್ಯಾಸು, ಕರೆಂಟು, ಫೋನು ಎಲ್ಲಾ ಸಂಪರ್ಕ ಇದೆ, ದಡಕ್ಕೆ ಕಟ್ಟಿ ಹಾಕಿದೆ, ನಾನು ಇಲ್ಲೇ ವಾಸ ಇದ್ದೀನಿ, ಮನೆ ಬಾಡಿಗೆದಾರರಿಗೆ 1988ರ ವಸತಿ ಕಾಯ್ದೆ ಕೊಡೋ ರಕ್ಷಣೆ ನನಗೂ ಬೇಕು. ನ್ಯಾಯಾಲಯ ಒಪ್ಪಲಿಲ್ಲ. ಆ ಸಂಪರ್ಕಗಳನ್ನ ಬಿಚ್ಚಿದರೆ ದೋಣಿಯನ್ನ ಎಳೆದುಕೊಂಡು ಹೋಗಬಹುದು, ಹಾಗಾಗಿ ಅದು ನೆಲದ ಭಾಗ ಅಲ್ಲ ಅನ್ನೋದು ಅದರ ನಿಲುವು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದು ಸ್ಥಿರಾಸ್ತಿ ಅಲ್ಲ, ಚರಾಸ್ತಿ. ಚರಾಸ್ತಿಯಲ್ಲಿ ಇರೋರಿಗೆ ಮನೆ ಬಾಡಿಗೆದಾರರ ಕಾಯ್ದೆ ಅನ್ವಯಿಸಲ್ಲ.

ಇದರ ಬಿಸಿ ದಿನನಿತ್ಯ ತಟ್ಟುತ್ತೆ. ದೋಣಿ ನಿಮ್ಮದೇ ಆಗಿದ್ದರೂ ಅದು ನಿಂತಿರೋ ನೀರು ನಿಮ್ಮದಲ್ಲ. ಮರೀನಾ ಜೊತೆಗಿನ ಒಪ್ಪಂದದ ಅವಧಿ ಮುಗಿದಾಗ ಮುಂದುವರಿಸಲ್ಲ ಅಂದರೆ ಮನೆ ಕಟ್ಟಿಕೊಂಡು ಹೊರಡಬೇಕು. ದೋಣಿ ಮಾರಿದರೂ ಆ ಜಾಗ ಕೊಂಡವರಿಗೆ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ. ಮೇಲಾಗಿ ಮರೀನಾದ ಎಲ್ಲಾ ಜಾಗದಲ್ಲೂ ವಾಸ ಮಾಡೋ ಹಾಗಿಲ್ಲ. ವಾರಾಂತ್ಯಕ್ಕೆ ಬಂದು ಹೋಗೋರಿಗೆ ಅಂತ ಕೊಡೋ ಜಾಗ ಬೇರೆ, ಖಾಯಂ ವಾಸಕ್ಕೆ ಅನುಮತಿ ಇರೋ ಜಾಗ ಬೇರೆ. ಎರಡನೆಯದು ಲಂಡನ್‌ನಲ್ಲಿ ಸಿಗೋದು ಕಷ್ಟ, ಸಿಕ್ಕರೆ ದುಬಾರಿ.

ಜಾಗವೇ ಬೇಡ ಅನ್ನೋರಿಗೆ ಒಂದು ದಾರಿ ಇದೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸುಮಾರು 2,000 ಮೈಲಿ ಜಲಮಾರ್ಗವನ್ನ ಕೆನಾಲ್ ಆ್ಯಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತೆ. 1995ರ ಕಾಯ್ದೆ ಪ್ರಕಾರ ಅಲ್ಲಿ ಲೈಸೆನ್ಸ್ ಬೇಕಾದರೆ ಸುರಕ್ಷತಾ ಪ್ರಮಾಣಪತ್ರ, ವಿಮೆ ಎರಡೂ ಇರಬೇಕು. ಜೊತೆಗೆ ಒಂದೋ ಖಾಯಂ ಜಾಗ ಇರಬೇಕು, ಇಲ್ಲಾ ಒಂದು ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲದೆ ಸಂಚಾರ ಮಾಡ್ತಾ ಇರಬೇಕು. ಹಾಗೆ ಸುತ್ತೋ ಸಾವಿರಾರು ಜನ ಇದ್ದಾರೆ. ಎರಡು ವಾರಕ್ಕೊಮ್ಮೆ ಮನೆ ಮುಂದಕ್ಕೆ ಹೋಗುತ್ತೆ, ಆಫೀಸು ಇದ್ದಲ್ಲೇ ಇರುತ್ತೆ, ಮಕ್ಕಳ ಶಾಲೆಯೂ ಇದ್ದಲ್ಲೇ ಇರುತ್ತೆ. ಬ್ಯಾಂಕಿನವರು ವಿಳಾಸ ಕೇಳಿದರೆ ಏನು ಬರೀಬೇಕು ಅನ್ನೋದೇ ಒಂದು ಸಮಸ್ಯೆ.

ಈಗ ಜಾಹೀರಾತು ನೋಡಿ ಆಸೆ ಪಟ್ಟಿರೋ ನಿಮಗೆ. ಅಡ್ವಾನ್ಸ್ ಕಳಿಸೋ ಮೊದಲು ಮಾಲೀಕರನ್ನ ಕೇಳಿ: ಸುರಕ್ಷತಾ ಪ್ರಮಾಣಪತ್ರದ ಪ್ರತಿ ಕೊಡ್ತೀರಾ? ಬಾಡಿಗೆಗೆ ಕೊಡೋ ದೋಣಿಗೆ ಬೇಕಾದ ಲೈಸೆನ್ಸೇ ಇದೆಯಾ? ಸ್ವಂತ ಬಳಕೆಯ ಲೈಸೆನ್ಸಿನಲ್ಲಿ ಬಾಡಿಗೆಗೆ ಬಿಡೋ ಹಾಗಿಲ್ಲ. ಈ ಮರೀನಾದಲ್ಲಿ ವಾಸಕ್ಕೆ ಅನುಮತಿ ಇದೆಯಾ, ಇಲ್ಲಿನ ವಿಳಾಸವನ್ನ ನಾನು ಬ್ಯಾಂಕಿಗೆ ಕೊಡಬಹುದಾ? ಹೋಗಿ ನೋಡೋಕೆ ಆದರೆ ಕಾರ್ಬನ್ ಮೊನಾಕ್ಸೈಡ್ ಅಲಾರಾಂನ ಟೆಸ್ಟ್ ಗುಂಡಿ ನೀವೇ ಒತ್ತಿ. ಗಾಳಿಕಿಂಡಿಯಲ್ಲಿ ಬಟ್ಟೆ ತುರುಕಿದ್ದಾರಾ ನೋಡಿ. ಹಾಸಿಗೆ ಎತ್ತಿ ಅಡಿಗೆ ಕೈ ಹಾಕಿ, ಒದ್ದೆ ಇದ್ದರೆ ಗೊತ್ತಾಗುತ್ತೆ. ಮಾಲೀಕರು ಮುಜುಗರ ಪಟ್ಟರೆ ಪಡಲಿ.

ಇಷ್ಟು ಕೇಳಿದ ಮೇಲೂ, ಅಲ್ಲಿ ಇರೋರು ಯಾಕೆ ಬಿಟ್ಟು ಬರಲ್ಲ ಅನ್ನೋ ಪ್ರಶ್ನೆ ಇದ್ದೇ ಇರುತ್ತೆ. ಬಾಡಿಗೆ ಒಂದು ಕಾರಣ, ಸುಳ್ಳಲ್ಲ. ಆದರೆ ಫ್ಲ್ಯಾಟಿನಲ್ಲಿ ಎದುರು ಮನೆಯವರ ಹೆಸರೂ ನಮಗೆ ಗೊತ್ತಿರಲ್ಲ. ಪೊಂಟೂನಿನಲ್ಲಿ ಹಾಗಲ್ಲ. ಪಕ್ಕದವರು ತಮ್ಮ ದೋಣಿಗೆ ಕಾಲಿಟ್ಟರೆ ನಿಮ್ಮ ಚಹಾದ ಲೋಟ ಅಲುಗುತ್ತೆ. ಅವರ ಚಿಮಣಿಯಲ್ಲಿ ಎರಡು ದಿನ ಹೊಗೆ ಕಾಣದಿದ್ದರೆ ನೀವೇ ಹೋಗಿ ಬಾಗಿಲು ಬಡೀತೀರಿ. ಗಾಳಿ ಜೋರಾದ ರಾತ್ರಿ ಯಾರ ಹಗ್ಗ ಸಡಿಲ ಆಗಿದ್ದರೂ ಮೊದಲು ಎಚ್ಚರ ಆದವರು ಟಾರ್ಚು ಹಿಡಿದು ಹೋಗಿ ಬಿಗಿದು ಬರ್ತಾರೆ.

ಕೊನೆಗೆ ಒಂದು ಸಣ್ಣ ವಿಷಯ, ಇದನ್ನ ಹೇಳದೇ ಇದ್ದರೆ ಬೇಜಾರು. ದೋಣಿಯವರನ್ನ ಪಬ್ಬಿನಲ್ಲೋ ಬಸ್ಸಿನಲ್ಲೋ ಗುರುತಿಸೋದು ಸುಲಭ. ಅವರ ಬೀಗದ ಕೈ ಗೊಂಚಲಿಗೆ ನಿಂಬೆಹಣ್ಣಿನ ಗಾತ್ರದ ಒಂದು ಬೆಂಡಿನ ಉಂಡೆ ನೇತಾಡ್ತಾ ಇರುತ್ತೆ. ಕೈಜಾರಿ ನೀರಿಗೆ ಬಿದ್ದರೆ ಬೀಗದ ಕೈ ತೇಲಬೇಕಲ್ಲ. ಫೋನಿಗೆ ಮಾತ್ರ ಹಾಗೊಂದು ಬೆಂಡು ಕಟ್ಟೋ ಅಭ್ಯಾಸ ಇನ್ನೂ ಬಂದಿಲ್ಲ. ಕೆಲವು ಫೋನುಗಳು ಈಗಲೂ ಲೈಮ್‌ಹೌಸಿನ ಕೆಸರಿನಲ್ಲಿ ಇರಬೇಕು.

ದೋಣಿಯಲ್ಲೋ, ಹಡಗಿನಲ್ಲೋ ಇದ್ದು ಬಂದವರು ನಮ್ಮ ಕೇಳುಗರಲ್ಲಿದ್ದರೆ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.